ಅವರ ಬಟ್ಟೆ ಅವರೇ ಒಗೀಲಿ

ಆ ಕಾರ್ಖಾನೆಯ ಗೇಟಿನೊಳಗೆ ಅವಳು ಒಂದು ದಿನವೂ ಕಾಲಿಟ್ಟವಳಲ್ಲ. ಅದರ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. ಆದರೂ ಆ ಕಾರ್ಖಾನೆ ಅವಳ ಎದೆಯೊಳಗೆ ಹೊಕ್ಕು ಕೂತಿತ್ತು.

ಅದು ಮನೆಗೆ ಹೊದಿಸುವ ಶೀಟು ಮಾಡುವ ಕಾರ್ಖಾನೆ. ಕಲ್ನಾರು, ಸಿಮೆಂಟು, ನೀರು ಸೇರಿಸಿ ಕಲಸಿ ಶೀಟು ಎಳೆಯುತ್ತಿದ್ದರು. ಕಲ್ನಾರು ಎಂದರೆ ಕಲ್ಲಿನಿಂದ ಬಿಡಿಸಿದ ನಾರು. ಸಾಹೇಬರುಗಳ ಬಾಯಲ್ಲಿ ಆಸ್‌ಬೆಸ್ಟಾಸು. ಚೀಲದಲ್ಲಿ ತುಂಬಿ ಬರುತ್ತಿತ್ತು. ಅವಳ ಗಂಡನ ಕೆಲಸ ಆ ಚೀಲದ ಹೊಟ್ಟೆ ಸೀಳುವುದು. ಚಾಕು ಹಾಕಿ ಸೀಳಬೇಕು. ಎತ್ತಿ ತೊಟ್ಟಿಗೆ ಸುರಿಯಬೇಕು. ಖಾಲಿ ಚೀಲವನ್ನು ಝಾಡಿಸಿ ಮಡಚಬೇಕು. ಪಾಳಿಗೆ ಇನ್ನೂರು ಚೀಲ. ಇಪ್ಪತ್ತೆರಡು ವರ್ಷ.

ಅವನು ಕರ್ರಗಿನ ಆಳು. ಸಂಜೆ ಮನೆಗೆ ಬರುವಾಗ ಕಣ್ಣರೆಪ್ಪೆಯೂ ಬಿಳಿ. ಬೀದಿಯವರು ಅವನಿಗೆ ಹಿಟ್ಟಪ್ಪ ಎಂದೇ ಹೆಸರಿಟ್ಟಿದ್ದರು. ಅವನೂ ನಕ್ಕು ಸುಮ್ಮನಾಗುತ್ತಿದ್ದ. ‘ಬೆಳಿಗ್ಗೆ ಗಂಡನ್ನ ಕಳಿಸ್ತೀಯ, ಸಂಜೆ ದೆವ್ವ ವಾಪಸ್ ಬರುತ್ತೆ. ಆದ್ರೂ ಬಾಗಿಲು ತೆಗೀತೀಯಲ್ಲ, ಗಟ್ಟಿಗಿತ್ತಿ ಕಣೇ ನೀನು’ ಎಂದು ಹೆಂಡತಿಯನ್ನು ರೇಗಿಸುತ್ತಿದ್ದ. ವರ್ಷಕ್ಕೊಂದು ಸಲ ದೊಡ್ಡ ಮನುಷ್ಯರು ಕಾರ್ಖಾನೆ ನೋಡಲು ಬರುತ್ತಿದ್ದರು. ಅವರ ಮೂಗಿಗೆ ಮುಚ್ಚಳ. ಅವರು ಬರುವ ಮೊದಲು ನೆಲಕ್ಕೆಲ್ಲ ನೀರು ಹೊಡೆದು ಧೂಳು ಕೂರಿಸುತ್ತಿದ್ದರು. ‘ಇವತ್ತು ನೆಲಕ್ಕೆ ಸ್ನಾನ, ನಮಗೆ ರಜ’ ಎನ್ನುತ್ತಿದ್ದ ಹಿಟ್ಟಪ್ಪ.

ಕೊಳೆ ಬಟ್ಟೆಯಲ್ಲಿ ಬಂದವನನ್ನು ಗೇಟಿನಿಂದಲೇ ಹಿಂದಕ್ಕೆ ಕಳಿಸಬೇಕು ಎಂಬುದು ಕಾರ್ಖಾನೆಯ ಕಾನೂನು. ಒಗೆಯುವವರು ಯಾರು ಎಂದು ಆ ಕಾನೂನಿನಲ್ಲಿ ಬರೆದಿರಲಿಲ್ಲ. ಬರೆಯುವ ಅಗತ್ಯವೇನಿತ್ತು? ಮನೆಯಲ್ಲಿ ಹೆಂಡತಿ ಎಂಬುವಳು ಇರುತ್ತಾಳಲ್ಲ.

ಆ ಬಟ್ಟೆಯನ್ನು ಹಾಗೇ ನೀರಿಗೆ ಹಾಕುವಂತಿರಲಿಲ್ಲ. ಹಾಕಿದರೆ ನಾರಿನ ಜೊತೆ ಹತ್ತಿಕೊಂಡ ಸಿಮೆಂಟು ನೀರು ಕುಡಿದು ಗಟ್ಟಿಯಾಗಿ, ಅಂಗಿ ಹಲಗೆಯಾಗುತ್ತಿತ್ತು. ಮೊದಲು ಒದರಬೇಕು. ದಿನವೂ ಸಂಜೆ ಅವಳು ಅಂಗಿ ಚಡ್ಡಿ ಎರಡನ್ನೂ ಹಿತ್ತಿಲಿಗೆ ಒಯ್ದು, ಒಂದು ಕೊನೆ ಹಿಡಿದು, ಗೋಡೆಗೆ ಬಡಿಯುತ್ತಿದ್ದಳು. ಜೇಬನ್ನು ಒಳಗು ಹೊರಗು ಮಾಡಿ ಬಡಿಯುತ್ತಿದ್ದಳು. ಕಾಲರಿನ ಮಡಿಕೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಧೂಳು ಎದ್ದು ಮುಖಕ್ಕೆ ಬರುತ್ತಿತ್ತು. ಮಣ್ಣಿನ ಧೂಳಾದರೆ ಕೆಳಗೆ ಬೀಳುತ್ತದೆ. ಇದು ಬೀಳುತ್ತಿರಲಿಲ್ಲ. ಇಳಿಬಿಸಿಲಲ್ಲಿ ಸೂಜಿಯ ಹಾಗೆ ಮಿಂಚುತ್ತ ತೇಲುತ್ತಿತ್ತು. ನೋಡಲು ಚೆಂದವಿತ್ತು. ಒಂದೊಂದು ಸಲ ಅವಳು ಕೈ ನಿಲ್ಲಿಸಿ ನೋಡಿದ್ದೂ ಉಂಟು.

ಒಬ್ಬಳೇ ಮಗಳು. ಅಪ್ಪ ಬರುವ ಹೊತ್ತಿಗೆ ಹೊಸ್ತಿಲ ಮೇಲೆ ಕಾಯುತ್ತಿತ್ತು ಕೂಸು. ಬಂದವನ ಹೆಗಲೇರಿ ಕೂರುತ್ತಿತ್ತು. ಬೆನ್ನಿನ ಬಿಳಿ ಧೂಳಿನ ಮೇಲೆ ಬೆರಳಿಟ್ಟು ಅಕ್ಷರ ಬರೆಯುತ್ತಿತ್ತು. ಮಗಳು ಅ, ಆ ಕಲಿತದ್ದು ಸ್ಲೇಟಿನ ಮೇಲಲ್ಲ, ಅಪ್ಪನ ಬೆನ್ನ ಮೇಲೆ. ಈಗ ಅವಳಿಗೂ ಮದುವೆಯಾಗಿದೆ. ಅದೇ ಬೀದಿ, ಐದು ಮನೆ ಆಚೆ. ಅಳಿಯ ಅದೇ ಕಾರ್ಖಾನೆಯಲ್ಲಿ ಶೀಟು ಕೊಯ್ಯುವವನು. ಎಂಟು ತಿಂಗಳ ಮಗು. ಆ ಮನೆಯ ಹಿತ್ತಿಲಿನಿಂದಲೂ ಸಂಜೆ ಪಟ್ ಪಟ್ ಎಂಬ ಸದ್ದು ಬರುತ್ತಿತ್ತು. ಬೀದಿಯ ಎಲ್ಲ ಹಿತ್ತಿಲಿನಿಂದಲೂ ಬರುತ್ತಿತ್ತು.

ಅವಳಿಗೆ ಮೊದಲು ನೋವು ಬಂದದ್ದು ಬಲ ಪಕ್ಕೆಯಲ್ಲಿ. ಅಂಗಿ ಬಡಿಯಲು ಕೈ ಎತ್ತಿದರೆ ಒಳಗೆ ಯಾರೋ ಹಿಡಿದೆಳೆದಂತಾಗುತ್ತಿತ್ತು. ಉಳುಕಿರಬೇಕು ಎಂದು ಎಡಗೈಯಲ್ಲಿ ಬಡಿದಳು. ಆಮೇಲೆ ಉಸಿರು ಸಾಲದಾಯಿತು. ನಲ್ಲಿಯಿಂದ ಮನೆಗೆ ಕೊಡ ತರುವಷ್ಟರಲ್ಲಿ ಎರಡು ಸಲ ಕೂರಬೇಕು. ಕಂಪನಿಯ ಡಾಕ್ಟರು ಎದೆಗೆ ಕೊಳವೆ ಇಡುವ ಮೊದಲೇ ‘ಒಲೆ ಹೊಗೆ’ ಎಂದ. ಕೆಮ್ಮಿನ ಔಷಧಿ ಬರೆದ. ಆರು ಬಾಟಲಿ ಕುಡಿದಳು. ಏಳನೆಯದಕ್ಕೆ ಹಿಟ್ಟಪ್ಪ ಬಾಟಲಿ ಎಸೆದು ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ.

ಅಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಬೆನ್ನಿಗೆ ಸೂಜಿ ಚುಚ್ಚಿ ಎದೆಯಿಂದ ನೀರು ತೆಗೆದಳು. ಕೆಂಪು ಬೆರೆತ ಹಳದಿ ನೀರು, ಒಂದೂವರೆ ಲೀಟರು. ಒಳಗಿನ ಚೂರೊಂದನ್ನೂ ತೆಗೆದು ಪರೀಕ್ಷೆಗೆ ಕಳಿಸಿದಳು. ಹತ್ತು ದಿನ ಬಿಟ್ಟು ಬರಲು ಹೇಳಿದಳು. ಬಂದಾಗ ಹಿಟ್ಟಪ್ಪ ಔಷಧಿಯ ಸಾಲಿನಲ್ಲಿ ನಿಂತಿದ್ದ. ಒಳಗೆ ಅವಳೊಬ್ಬಳೇ.

‘ನೀವೇನು ಕೆಲಸ ಮಾಡ್ತೀರಮ್ಮಾ?’

‘ನಾನಾ? ಏನೂ ಇಲ್ಲ. ಮನೇಲೇ ಇರ್ತೀನಿ.’

‘ಯಜಮಾನರು?’

‘ಶೀಟ್ ಫ್ಯಾಕ್ಟರಿ. ಚೀಲ ಬಿಚ್ಚೋದು.’

ಡಾಕ್ಟರಮ್ಮನ ಪೆನ್ನು ನಿಂತಿತು. ‘ಅವರ ಬಟ್ಟೆ ಯಾರು ಒಗೀತಾರೆ?’

ಅವಳಿಗೆ ನಗು ಬಂತು. ‘ಇದೇನ್ ಕೇಳ್ತೀರಿ ಡಾಕ್ಟ್ರಮ್ಮಾ. ನಮ್ಮನೇಲಿ ಆಳುಕಾಳು ಇದ್ದಾರಾ? ಅರಮನೆ ರಾಣೀನೂ ನಾನೇ, ಬಟ್ಟೆ ಒಗೆಯೋಳೂ ನಾನೇ.’

‘ಹೇಗೆ ಒಗೀತೀರಿ, ತೋರಿಸಿ.’

ಅವಳು ಎದ್ದು ನಿಂತು ಗಾಳಿಯಲ್ಲಿ ಕೈ ಬೀಸಿ ತೋರಿಸಿದಳು. ಎರಡನೆಯ ಬೀಸಿಗೆ ಉಸಿರು ಕಟ್ಟಿ ಸ್ಟೂಲಿನ ಮೇಲೆ ಕೂತಳು. ಡಾಕ್ಟರಮ್ಮ ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಗಲೇ ಅವಳಿಗೆ ಗೊತ್ತಾಯಿತು, ಇದು ಒಳ್ಳೆಯ ಸುದ್ದಿಯಲ್ಲ ಎಂದು. ಡಾಕ್ಟರುಗಳು ಸುಮ್ಮಸುಮ್ಮನೆ ಬಡವರ ಕೈ ಹಿಡಿಯುವುದಿಲ್ಲ.

ಕ್ಯಾನ್ಸರು. ಶ್ವಾಸಕೋಶದ ಮೇಲಿನ ಪೊರೆಗೆ ಬಂದಿದೆ. ಕಲ್ನಾರಿನ ಧೂಳಿನಿಂದಲೇ ಬರುವ ರೋಗ. ಒಳಗೆ ಹೋದ ನಾರು ಕರಗುವುದಿಲ್ಲ, ಹೊರಗೂ ಬರುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಸುಮ್ಮನಿದ್ದು ಆಮೇಲೆ ಏಳುತ್ತದೆ.

‘ವಾಸಿ ಆಗುತ್ತಾ?’

‘ಇಲ್ಲಮ್ಮಾ. ನೋವು ಕಡಿಮೆ ಮಾಡಬಹುದು. ನೀರು ತುಂಬಿದಾಗೆಲ್ಲ ತೆಗೀಬಹುದು.’

ಅವಳು ಹೊರಗಿನ ಸಾಲಿನ ಕಡೆ ನೋಡಿದಳು. ಆಮೇಲೆ, ‘ಅವರಿಗೆ ಹೇಳಬೇಡಿ. ನೀರು ತುಂಬ್ಕೊಂಡಿದೆ ಅಂತ ಮಾತ್ರ ಹೇಳಿ. ಬಟ್ಟೆಯಿಂದ ಬಂತು ಅಂತ ಗೊತ್ತಾದ್ರೆ ಆ ಮನುಷ್ಯ ಬದುಕಲ್ಲ’ ಎಂದಳು.

ಗಂಡನಿಂದ ಬಚ್ಚಿಟ್ಟಳು. ಮಗಳಿಂದ ಬಚ್ಚಿಡುವುದು ಕಷ್ಟವಾಯಿತು. ಐದು ಮನೆ ಆಚೆಯ ಪಟ್ ಪಟ್ ಅವಳ ಪಕ್ಕೆಗೇ ಬೀಳುತ್ತಿತ್ತು. ‘ಒದರಬೇಡ ಕಣೇ, ಹಾಗೇ ನೀರಿಗೆ ಹಾಕು’ ಎಂದಳು. ಮಗಳು ಹಾಕಿದಳು. ಬಟ್ಟೆ ಹಲಗೆಯಾಯಿತು. ಅಳಿಯನನ್ನು ಗೇಟಿನಿಂದ ಹಿಂದಕ್ಕೆ ಕಳಿಸಿದರು. ಮಗಳ ಅತ್ತೆ ಬೀದಿಗೆ ಕೇಳುವಂತೆ ಕೂಗಾಡಿದಳು: ‘ಬಟ್ಟೆ ಒಗೆಯೋಕೂ ಕಲಿಸದೆ ಕಳಿಸಿದ್ದಾಳೆ ಮಹಾತಾಯಿ!’ ಮರುದಿನ ಮಗಳು ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಮತ್ತೆ ಗೋಡೆಗೆ ಬಡಿದಳು.

ಹೀಗೆ ಮೂರು ತಿಂಗಳು ಹೋಯಿತು. ನೀರು ತೆಗೆಸಲು ಹೋಗುವ ದಿನಕ್ಕೆ ಹಿಟ್ಟಪ್ಪನಿಗೆ ರಜ ಬೇಕಾಯಿತು. ಕಾಗದವಿಲ್ಲದೆ ರಜವಿಲ್ಲ ಎಂದರು. ಅವನು ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಬರೆದ ಚೀಟಿ ಒಯ್ದು ಆಫೀಸಿನಲ್ಲಿ ತೋರಿಸಿದ. ಅವನಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಆಫೀಸಿನವರಿಗೆ ಬರುತ್ತಿತ್ತು.

ಅಂದೇ ಮಧ್ಯಾಹ್ನ ಅವಳ ಮನೆಯ ಮುಂದೆ ಕಾರು ನಿಂತಿತು. ಕಾರ್ಖಾನೆಯಲ್ಲಿ ಕಾರ್ಮಿಕರ ಯೋಗಕ್ಷೇಮ ನೋಡಲು ಒಬ್ಬ ಅಧಿಕಾರಿ ಇದ್ದ. ಎಲ್ಲರೂ ಅವನನ್ನು ಕ್ಷೇಮದ ಸಾಹೇಬ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವನು ಆ ಬೀದಿಗೆ ಬಂದದ್ದು ಅದೇ ಮೊದಲು. ಜೊತೆಗೆ ಹಿಟ್ಟಪ್ಪನನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಹಿಟ್ಟಪ್ಪ ಸೀಟು ಬಿಳಿಯಾದೀತೆಂದು ಕಾಲ ಬಳಿ ಮುದುಡಿ ಕೂತಿದ್ದ.

ಸಾಹೇಬ ಒಳಗೆ ಬಂದು ಇದ್ದೊಂದು ಕುರ್ಚಿಯಲ್ಲಿ ಕೂತ. ಅವಳು ಗೋಡೆಗೆ ಒರಗಿ ಕೂತಿದ್ದಳು.

‘ನೋಡಮ್ಮಾ, ಕಂಪನಿ ಅಂದ್ರೆ ತಾಯಿ ಇದ್ದ ಹಾಗೆ. ನಮ್ಮ ಆಸ್ಪತ್ರೇಲಿ ನಿನಗೆ ಹಾಸಿಗೆ ಕೊಡ್ತೀವಿ. ಆಕ್ಸಿಜನ್ನು, ನರ್ಸು, ಊಟ ಎಲ್ಲ. ಕೊನೇ ತನಕ. ಒಂದೇ ಒಂದು ಕೆಲಸ. ಆ ಚೀಟಿ ನಮಗೆ ಕೊಡು. ನಮ್ಮ ಡಾಕ್ಟರು ಬೇರೆ ಬರೆದುಕೊಡ್ತಾರೆ. ನಿನಗೆ ಬಂದಿರೋದು ಕ್ಷಯ. ಇಬ್ಬರೂ ಇಲ್ಲಿ ಸೈನ್ ಹಾಕಿ.’

ಹಿಟ್ಟಪ್ಪನ ಮುಖ ಅರಳಿತು. ‘ಹಾಕ್ತೀವಿ ಸಾಹೇಬ್ರೆ. ಪುಣ್ಯ ಬರುತ್ತೆ ನಿಮಗೆ. ಎಲ್ಲಿ ಹಾಕ್ಬೇಕು?’

‘ಚೀಟೀಲಿ ಏನು ಬರೆದಿದೆ ಅಂತ ಕೇಳಲ್ವಾ?’ ಎಂದಳು ಅವಳು ಗಂಡನಿಗೆ. ಬಾಯಿ ತಪ್ಪಿ ಬಂದ ಮಾತು. ಬಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಸಾಹೇಬನಿಗೆ ದಾರಿ ಸಿಕ್ಕಿತು. ಹಿಟ್ಟಪ್ಪನ ಕಡೆ ತಿರುಗಿದ. ‘ನಾನೇ ಹೇಳ್ತೀನಿ ಕೇಳು. ನಿನ್ನ ಬಟ್ಟೆಯಿಂದ ನಿನ್ನ ಹೆಂಡತಿಗೆ ರೋಗ ಬಂತು ಅಂತ ಬರೆದಿದ್ದಾಳೆ ಆ ಹುಡುಗಿ. ಅಂದ್ರೆ ಏನು? ನಿನ್ನ ಹೆಂಡತೀನ ನೀನೇ ಕೊಂದೆ ಅಂತ. ಅಂಥ ಕಾಗದ ಮನೇಲಿಟ್ಕೊಂಡು ಬಾಳ್ತೀಯಾ? ಹರಿದು ಬಿಸಾಕು. ಕ್ಷಯ ಯಾರಿಗೆ ಬೇಕಾದ್ರೂ ಬರುತ್ತೆ. ಯಾರ ತಪ್ಪೂ ಇಲ್ಲ.’

ಹಿಟ್ಟಪ್ಪ ಹೆಂಡತಿಯನ್ನು ನೋಡಿದ. ಬಿಳಿ ಮುಖದಲ್ಲಿ ಕಣ್ಣೆರಡೇ ಕಾಣುತ್ತಿದ್ದವು. ‘ಏನೇ ಇದು? ಏನ್ ಹೇಳ್ತಿದ್ದಾರೆ ಇವರು?’

ಅವಳಿಗೆ ಎಲ್ಲವೂ ಸುಲಭವಿತ್ತು. ‘ಹೌದು, ನನಗೆ ಕ್ಷಯ’ ಎಂದರೆ ಸಾಕು. ಹಾಸಿಗೆ ಸಿಗುತ್ತಿತ್ತು. ರಾತ್ರಿಯೆಲ್ಲ ಮೀನಿನ ಹಾಗೆ ಬಾಯಿ ತೆರೆದು ಕೂರುವುದು ತಪ್ಪುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಎದುರಿಗೆ ನಿಂತ ಈ ಮನುಷ್ಯ ಉಳಿಯುತ್ತಿದ್ದ. ಅವಳು ಬಾಯಿ ತೆರೆದಳು. ಹೌದು ಎನ್ನುವುದಕ್ಕೇ ತೆರೆದಳು.

ಐದು ಮನೆ ಆಚೆ ಪಟ್ ಎಂದಿತು. ಬೆಳಗಿನ ಪಾಳಿ ಮುಗಿಸಿ ಅಳಿಯ ಬಂದಿರಬೇಕು. ಪಟ್. ಪಟ್. ನಡುವೆ ಮಗು ಕೆಮ್ಮಿದ್ದು ಕೇಳಿತು. ಧೂಳು ಮೂಗಿಗೆ ಹೋದರೆ ಬರುವ ಕೆಮ್ಮು, ಬೇರೇನಲ್ಲ. ಆದರೆ ಅವಳ ತೆರೆದ ಬಾಯಲ್ಲಿ ಮಾತು ತಿರುಗಿ ನಿಂತಿತು.

‘ನನಗೆ ಕ್ಷಯ ಇಲ್ಲ’ ಎಂದಳು.

‘ಅಮ್ಮಾ, ಯೋಚನೆ ಮಾಡು.’

‘ಮಾಡಿದ್ದೀನಿ. ಮೂರು ತಿಂಗಳು ಅದನ್ನೇ ಮಾಡಿದ್ದೀನಿ. ನನಗೆ ಕ್ಷಯ ಇಲ್ಲ. ಅವನು ಯಾರನ್ನೂ ಕೊಂದಿಲ್ಲ. ಅವನು ಬಟ್ಟೆ ತಂದ. ಅದಕ್ಕೆ ವಿಷ ಹಾಕಿ ಕಳಿಸಿದ್ದು ನೀವು. ನಿಮಗೆ ಗೊತ್ತಿತ್ತು. ಗೊತ್ತಿಲ್ದೇ ಇದ್ರೆ ದೊಡ್ಡೋರು ಬಂದಾಗ ನೆಲಕ್ಕೆ ಯಾಕೆ ನೀರು ಹೊಡೀತಿದ್ರಿ? ಅವರ ಮೂಗಿಗೆ ಯಾಕೆ ಬಟ್ಟೆ ಕಟ್ತಿದ್ರಿ?’

ಇಷ್ಟು ಹೇಳಲು ಅವಳಿಗೆ ನಾಲ್ಕು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ಸಾಹೇಬ ಪ್ರತಿ ಸಲವೂ ಕಾದ. ಮಾತು ಮುಗಿಯುತ್ತದೆ ಎಂದುಕೊಂಡು ಕಾದ.

‘ಹಾಸಿಗೆ ಬೇಡ್ವಾ ಹಾಗಾದ್ರೆ?’

‘ಬೇಡ. ಎದ್ದೇಳಿ ಕುರ್ಚಿ ಬಿಟ್ಟು.’

ಕಾರು ಹೋಯಿತು. ಹಿಟ್ಟಪ್ಪ ಹಿತ್ತಿಲಿಗೆ ಹೋದ. ಬಟ್ಟೆ ಕಿತ್ತೆಸೆದು ಕೊಡದ ನೀರು ತಲೆಗೆ ಸುರಿದುಕೊಂಡು ಕೂತ. ಇಟ್ಟಿಗೆ ಚೂರು ತೆಗೆದುಕೊಂಡು ಮೈ ಉಜ್ಜಿದ. ತೋಳು, ಎದೆ, ಹೆಗಲು, ಚರ್ಮ ಕೆಂಪಾಗಿ ರಕ್ತ ಜಿನುಗುವವರೆಗೆ ಉಜ್ಜಿದ. ಬೆನ್ನಿಗೆ ಕೈ ಎಟುಕಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ತೀಡಿಕೊಂಡ. ಅವಳು ಬಾಗಿಲು ಹಿಡಿದು ನೋಡಿದಳು. ತಡೆಯುವಷ್ಟು ಉಸಿರು ಅವಳಲ್ಲಿರಲಿಲ್ಲ.

ಅಂದಿನಿಂದ ಅವನು ಒಳಗೆ ಮಲಗಲಿಲ್ಲ. ಹೊರಗೆ ಜಗುಲಿಯ ಮೇಲೆ ಬಿದ್ದಿರುತ್ತಿದ್ದ. ಅವಳಿಗೆ ನೀರು ಕೊಡುವಾಗ ಲೋಟವನ್ನು ನೆಲದ ಮೇಲಿಟ್ಟು ಹಿಂದೆ ಸರಿಯುತ್ತಿದ್ದ. ಎದೆಯ ನೋವಿಗೆ ಮಾತ್ರೆ ಇತ್ತು. ಇದಕ್ಕೆ ಇರಲಿಲ್ಲ.

ನಾಲ್ಕನೆಯ ದಿನ ಕರೆದಳು. ‘ಬಾ ಇಲ್ಲಿ.’

‘ಇಲ್ಲೇ ಕೇಳುತ್ತೆ, ಹೇಳು.’

‘ಹತ್ತಿರ ಬಾ ಅಂದೆ. ಕೂಗೋಕೆ ಆಗಲ್ಲ ನನಗೆ.’

ಬಂದು ಮಾರು ದೂರದಲ್ಲಿ ಕೂತ. ‘ಮೂರು ತಿಂಗಳಿಂದ ಗೊತ್ತಿತ್ತಾ ನಿನಗೆ?’

‘ಗೊತ್ತಿತ್ತು.’

‘ಗೊತ್ತಿದ್ದೂ ಒಗೆದ್ಯಾ?’

ಒಗೆಯದಿದ್ದರೆ ಅವನು ಏಕೆಂದು ಕೇಳುತ್ತಿದ್ದ. ಕೇಳಿದರೆ ಹೇಳಬೇಕಾಗುತ್ತಿತ್ತು. ಅದಕ್ಕೇ ಒಗೆದಿದ್ದಳು. ಅವನಿಗೆ ಅದು ತಾನಾಗಿಯೇ ತಿಳಿಯಿತು. ಮೊಣಕಾಲ ನಡುವೆ ತಲೆಯಿಟ್ಟು ದೊಡ್ಡ ದನಿಯಲ್ಲಿ ಅತ್ತ.

‘ಅಳೋದು ಆಮೇಲೆ ಅಳು, ಬೇಕಾದಷ್ಟು ದಿನ ಇದೆ ನಿನಗೆ’ ಎಂದಳು. ‘ನಾಳೆಯಿಂದ ಆ ಬಟ್ಟೆ ಮನೆಗೆ ತರಬೇಡ. ಅವರ ಬಟ್ಟೆ ಅವರೇ ಒಗೀಲಿ.’

ಮರುದಿನ ಮಗಳ ತೋಳು ಹಿಡಿದು ನಲ್ಲಿಕಟ್ಟೆಗೆ ಹೋದಳು. ಹೆಂಗಸರ ನಡುವೆ ಕೂತು ಚೀಟಿಯಲ್ಲಿದ್ದದ್ದನ್ನು ಹೇಳಿದಳು. ಮಗಳೂ ಆಗಲೇ ಮೊದಲ ಸಲ ಕೇಳಿದ್ದು. ಕಂಕುಳಿನ ಮಗುವನ್ನು ಈ ಕಡೆಯಿಂದ ಆ ಕಡೆಗೆ ಬದಲಿಸಿದಳು. ಉಳಿದವರು ಮಾತಾಡಿದರು.

‘ಫ್ಯಾಕ್ಟರಿ ಮುಚ್ಚಿಸ್ತೀಯಾ ಅಕ್ಕಾ? ನೀನೇನೋ ಹೋಗ್ತೀಯ. ನಾವು ಏನು ತಿನ್ನೋದು?’ ಎಂದಳು ಮಗಳ ಅತ್ತೆ.

‘ಮುಚ್ಚಿ ಅಂತ ಹೇಳ್ದೆನಾ? ಬಟ್ಟೆ ಅಲ್ಲೇ ಬಿಚ್ಚಲಿ, ಅಲ್ಲೇ ಒಗೆಸಲಿ. ಒದರಬೇಡಿ. ಅಷ್ಟೇ ನಾನು ಹೇಳೋದು.’

‘ಅಷ್ಟು ಸುಲಭಾನಾ?’

‘ಸುಲಭ ಅಲ್ಲ. ನಾನು ಸಾಯ್ತಿರೋದೂ ಸುಲಭವಾಗಿಲ್ಲ.’

ಯಾರೂ ಒಪ್ಪಲಿಲ್ಲ. ಕೊಡ ತುಂಬಿಕೊಂಡು ಒಬ್ಬೊಬ್ಬರೇ ಹೋದರು.

ಸಂಜೆ ಅವಳು ಗೇಟಿನ ಎದುರಿನ ಕಲ್ಲಿನ ಮೇಲೆ ಕೂತಿದ್ದಳು. ಸೈರನ್ ಆಯಿತು. ಬಿಳಿ ಗಂಡಸರ ಹಿಂಡು ಹೊರಗೆ ಬಂತು. ಹಿಟ್ಟಪ್ಪ ಗೇಟು ದಾಟಲಿಲ್ಲ. ಗೇಟಿನ ಗೆರೆಯ ಮೇಲೆ ನಿಂತು ಅಂಗಿ ಬಿಚ್ಚಿದ. ಚಡ್ಡಿ ಬಿಚ್ಚಿದ. ಒದರದೆ, ಮಗುವನ್ನು ಮಲಗಿಸುವ ಹಾಗೆ ಮೆಲ್ಲಗೆ ಮಡಚಿ ಕಾವಲುಗಾರನ ಕಾಲ ಬಳಿ ಇಟ್ಟ. ಒಳಬಟ್ಟೆಯಲ್ಲಿ ನಿಂತ. ಇಟ್ಟಿಗೆ ತೀಡಿದ ಗಾಯಗಳು ಮೈಮೇಲೆ ಇನ್ನೂ ಮಾಗಿರಲಿಲ್ಲ.

‘ತಲೆಗಿಲೆ ಕೆಟ್ಟಿದೆಯೇನೋ?’ ಎಂದ ಕಾವಲುಗಾರ.

‘ಇದು ಸಾಹೇಬರ ಬಟ್ಟೆ. ಅವರ ಮನೆಗೆ ಕಳಿಸು, ಅವರ ಹೆಂಡತಿ ಒಗೀಲಿ.’

ಒಬ್ಬ ಸಿಳ್ಳೆ ಹಾಕಿದ. ಕೆಲವರು ನಕ್ಕರು. ಅಳಿಯ ತಲೆ ತಗ್ಗಿಸಿ ಹೊರಟುಹೋದ. ಹಿಟ್ಟಪ್ಪ ಬೀದಿ ನಲ್ಲಿಯಲ್ಲಿ ತಲೆಯಿಂದ ಕಾಲಿನವರೆಗೆ ತೊಳೆದುಕೊಂಡ. ಆಮೇಲೆ ಬಂದು, ಎಷ್ಟೋ ದಿನದ ಮೇಲೆ, ಹೆಂಡತಿಯ ಕೈ ಹಿಡಿದ. ಇಬ್ಬರೂ ಹೊರಟರು. ಅವಳು ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಿತ್ತು. ಅವನೂ ನಿಲ್ಲುತ್ತಿದ್ದ. ಬರಿಮೈಯ ಗಂಡಸು ಬೇಗ ಬೇಗ ನಡೆದು ಮನೆ ಸೇರಿಕೊಳ್ಳಬಹುದಿತ್ತು. ಅವನು ಊರೆಲ್ಲ ನೋಡುವ ಹಾಗೆ, ಬಾಗಿಲು ಬಾಗಿಲಿನ ಮುಂದೆ ನಿಂತು ನಿಂತು, ಅವಳ ಉಸಿರಿಗೆ ತಕ್ಕ ಹಾಗೆ ನಡೆದ.

ಶಿಸ್ತು ಮೀರಿದ, ಹೆಂಗಸರೆದುರು ಅಸಭ್ಯವಾಗಿ ನಡೆದುಕೊಂಡ ಎಂದು ಅವನನ್ನು ಕೆಲಸದಿಂದ ತೆಗೆದರು. ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಗೇಟಿನ ಬಳಿ ಒಬ್ಬ ಬಟ್ಟೆ ಬಿಚ್ಚಿಟ್ಟ. ಅದು ಅಳಿಯ. ಮಗಳು ಅತ್ತೆಯೆದುರು ನಿಂತು, ‘ಇವತ್ತಿಂದ ನಾನು ಒಗೆಯಲ್ಲ, ಬೇಕಾದ್ರೆ ನೀವೇ ಒಗೀರಿ’ ಎಂದಿದ್ದಳು. ಆ ವಾರ ಒಂಬತ್ತು ಜನ. ಮುಂದಿನ ವಾರ ಅರವತ್ತು, ಆಮೇಲೆ ಬೀದಿಗೆ ಬೀದಿಯೇ. ಕಂಪನಿ ಮನೆಗೊಂದು ಸೋಪು ಕಳಿಸಿತು. ಹೆಂಗಸರು ಅದನ್ನು ಗೇಟಿನ ಮುಂದೆ ರಾಶಿ ಹಾಕಿ ಬಂದರು. ಮಗಳ ಅತ್ತೆ ತನ್ನದನ್ನು ಇಡಲಿಲ್ಲ, ಎಸೆದಳು. ಕೊನೆಗೆ ಕಾರ್ಖಾನೆಯೊಳಗೆ ಒಗೆಯುವ ಮಿಷನ್ನು ಬಂತು, ಸ್ನಾನದ ಮನೆ ಬಂತು. ಕ್ಷೇಮದ ಸಾಹೇಬನೇ ರಿಬ್ಬನ್ ಕತ್ತರಿಸಿ, ಕಂಪನಿಯ ಔದಾರ್ಯ ಎಂದು ಭಾಷಣ ಮಾಡಿದ. ಹಿಟ್ಟಪ್ಪನಿಗೆ ಕೆಲಸ ವಾಪಸ್ ಸಿಗಲಿಲ್ಲ. ಅಷ್ಟರಲ್ಲಿ ಅವಳು ಸತ್ತು ಐದು ತಿಂಗಳಾಗಿತ್ತು. ಹಾಸಿಗೆಯಿಲ್ಲದೆ, ಆಕ್ಸಿಜನ್ನಿಲ್ಲದೆ, ಗಂಡನ ಎದೆಗೆ ಒರಗಿ ಕೂತೇ ಸತ್ತಳು. ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ.

ಸಾಯುವುದಕ್ಕೆ ಕೆಲವು ದಿನ ಮೊದಲು ನಡೆದದ್ದನ್ನು ಹೇಳಬೇಕು.

ಮಗಳು ತಾಯಿಯ ತಲೆ ಬಾಚಲು ಬಂದಿದ್ದಳು. ಮಗು ನೆಲದ ಮೇಲೆ ಹಳೆಯ ಬಾಚಣಿಗೆಯೊಂದನ್ನು ಕಚ್ಚುತ್ತ ಕೂತಿತ್ತು. ಬೀದಿಯಲ್ಲಿ ಸಂಜೆಯಾಗಿತ್ತು, ಯಾವ ಹಿತ್ತಿಲಲ್ಲೂ ಸದ್ದಿರಲಿಲ್ಲ. ಮಗಳು ಕೂದಲು ಬಿಡಿಸುತ್ತ ಬಿಡಿಸುತ್ತ ಕೈ ನಿಲ್ಲಿಸಿದಳು.

‘ಅಮ್ಮಾ.’

‘ಹ್ಞೂಂ.’

‘ನಾನು ಅಪ್ಪನ ಹೆಗಲ ಮೇಲೆ ಬೆಳೆದೋಳು. ಮದುವೆಯಾಗಿ ಎರಡು ವರ್ಷ ನಾನೂ ಒದರಿದ್ದೀನಿ. ಇವನನ್ನ ಸೊಂಟಕ್ಕೆ ಕಟ್ಕೊಂಡು ಒದರಿದ್ದೀನಿ.’

ತಾಯಿ ಮಗುವಿನ ಕಡೆ ನೋಡಿದಳು.

‘ಒಳಗೆ ಹೋಗಿರೋದು ಹೊರಗೆ ಬರಲ್ಲ ಅಂತಲ್ವಾ ಡಾಕ್ಟ್ರಮ್ಮ ಹೇಳಿದ್ದು? ಇಪ್ಪತ್ತು ವರ್ಷ ಆದ್ಮೇಲೆ ಗೊತ್ತಾಗುತ್ತೆ ಅಂತ?’

‘ಎಲ್ಲರಿಗೂ ಬರಲ್ವಂತೆ.’

‘ಯಾರಿಗೆ ಬರುತ್ತೆ?’

‘ಗೊತ್ತಾಗಲ್ವಂತೆ.’

ಮಗಳು ಮತ್ತೆ ಬಾಚತೊಡಗಿದಳು. ಸಿಕ್ಕು ಬಿಡಲಿಲ್ಲ. ತಾಯಿ ಹಿಂದಕ್ಕೆ ಕೈ ಚಾಚಿ, ತಡಕಾಡಿ, ಮಗಳ ಕೈಯನ್ನು ಹಿಡಿದುಕೊಂಡಳು. ಆಮೇಲೆ ಕೇಳಿದಳು:

‘ನಿನಗೆ ಬರಲ್ಲ ಅಂತ ಹೇಳಲಾ ಮಗಳೇ?’

ಮಗಳು ತಾಯಿಯ ನೆತ್ತಿಯ ಮೇಲೆ ಕೆನ್ನೆಯಿಟ್ಟಳು.

‘ಬೇಡಮ್ಮಾ’ ಎಂದಳು.